ಕಾಗದವಿಲ್ಲದ ಇಸ್ಪೀಟು: ಆಟಗಾರರ ಅಸಮಾಧಾನದ ವಿಚಾರ

ಆಟದಲ್ಲಿ ಸೋತವನು ಆಟವನ್ನೇ ದೂರುವುದು ಹೊಸ ಸಂಗತಿಯಲ್ಲ. ಧರ್ಮರಾಯನು ಪಗಡೆಯಾಡಿದ ಕಾಲದಿಂದಲೂ ದಾಳದ ಮೇಲಿನ ಸಂದೇಹ ಮನುಷ್ಯನನ್ನು ಬಿಟ್ಟಿಲ್ಲ. ಆದರೆ ದೂರೆಲ್ಲವೂ ಸೋಲಿನ ಹೊಟ್ಟೆಯುರಿಯಿಂದಲೇ ಹುಟ್ಟುತ್ತದೆಂದು ತಿಳಿಯುವುದೂ ಸರಿಯಲ್ಲ. ಕೌರವರ ಸಭೆಯಲ್ಲಿ ಆಟವು ನಿಜವಾಗಿಯೂ ಕಪಟದ್ದೇ ಆಗಿತ್ತಷ್ಟೆ! ಆದುದರಿಂದ ಯಾವ ದೂರು ನ್ಯಾಯವಾದದ್ದು, ಯಾವುದು ಕೇವಲ ಮುನಿಸು ಎಂಬುದನ್ನು ಬೇರ್ಪಡಿಸಿ ನೋಡುವುದು ವಿವೇಕಿಗಳ ಕೆಲಸ.

ಈ ವಿಚಾರ ನಮ್ಮ ಮನಸ್ಸಿಗೆ ಬಂದುದು ಒಬ್ಬ ವಿದ್ಯಾರ್ಥಿಯಿಂದ. ಒಂಬತ್ತನೆಯ ತರಗತಿಯ ಆ ಹುಡುಗನು ಲೆಕ್ಕದಲ್ಲಿ ಜಾಣನು. ಒಂದು ದಿನ ಅವನು ಮುಖ ಬಾಡಿಸಿಕೊಂಡು ಕುಳಿತಿದ್ದನು. ವಿಚಾರಿಸಲಾಗಿ, ತಂದೆಯ ಮೊಬೈಲಿನಲ್ಲಿ ಎಲೆಯಾಟವೊಂದನ್ನು ಆಡಿ ಒಂದೇ ರಾತ್ರಿ ಐದು ಸಲ ಸೋತನೆಂದೂ, ಹಬ್ಬಕ್ಕೆ ಸೋದರಮಾವನು ಕೊಟ್ಟ ಹಣದಲ್ಲಿ ಎಲೆಗಳ ಪೊಟ್ಟಣ ಕೊಂಡರೂ ಬೇಕಾದ ಎಲೆ ಬರಲಿಲ್ಲವೆಂದೂ ತಿಳಿಯಿತು. “ಸಾರ್, ಯಂತ್ರವೇ ಬೇಕೆಂದು ನನ್ನನ್ನು ಸೋಲಿಸುತ್ತದೆ” ಎಂದನು. ಮೊಬೈಲು ಮುಟ್ಟಬೇಡವೆಂದು ಗದರಿಸುವುದು ಸುಲಭವಾಗಿತ್ತು. ಆದರೆ ನಾವು ತಿಳಿಯದ ವಿಷಯದಲ್ಲಿ ತೀರ್ಪು ಕೊಡುವುದು ಉಪಾಧ್ಯಾಯ ವೃತ್ತಿಗೆ ಶೋಭೆಯಲ್ಲ. ಆದುದರಿಂದ ಈ ಆಟಗಳ ರೀತಿಯನ್ನು ವಿಚಾರಿಸಿ ತಿಳಿದು, ಅದರ ಸಾರವನ್ನು ವಾಚಕರ ಮುಂದಿಡುತ್ತಿದ್ದೇವೆ.

ಈ ಜಾತಿಯ ಆಟಗಳಿಗೆ ಮೂಲವು 1993ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಹೊರಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾಗದದ ಎಲೆಯಾಟ. ಅದನ್ನು ರಚಿಸಿದವರು ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತಜ್ಞರು. ನಮ್ಮ ಇಸ್ಪೀಟಿನಲ್ಲಿ ಐವತ್ತೆರಡು ಎಲೆಗಳ ಒಂದೇ ಕಟ್ಟನ್ನು ಎಲ್ಲರಿಗೂ ಹಂಚುತ್ತೇವೆ. ಇದರಲ್ಲಿ ಹಾಗಲ್ಲ. ಪ್ರತಿಯೊಬ್ಬ ಆಟಗಾರನೂ ಸಾವಿರಾರು ಬಗೆಯ ಎಲೆಗಳಲ್ಲಿ ತನಗೆ ದೊರೆತವನ್ನು ಆಯ್ದು ತನ್ನದೇ ಕಟ್ಟನ್ನು ಮಾಡಿಕೊಂಡು ಬರುತ್ತಾನೆ. ತಯಾರಿಸುವ ಸಂಸ್ಥೆಯು ಸಾಮಾನ್ಯವಾಗಿ ಎಲೆಗಳನ್ನು ಬಿಡಿಯಾಗಿ ಮಾರುವುದಿಲ್ಲ. ಮುಚ್ಚಿದ ಪೊಟ್ಟಣಗಳಲ್ಲಿ ಮಾರುತ್ತಾರೆ. ಒಳಗೇನಿದೆಯೆಂಬುದು ಒಡೆದ ಮೇಲೆಯೇ ತಿಳಿಯುವುದು. ಇದೇ ಕ್ರಮವನ್ನು ಅಂತರಜಾಲಕ್ಕೆ ತಂದು ಜಗತ್ತಿನಲ್ಲೆಲ್ಲ ಹರಡಿದ್ದು 2014ರ ಮಾರ್ಚಿಯಲ್ಲಿ ಬ್ಲಿಜರ್ಡ್ ಸಂಸ್ಥೆಯು ಹೊರತಂದ ‘ಹಾರ್ತ್‌ಸ್ಟೋನ್’ ಎಂಬ ಆಟ. ಅಲ್ಲಿ ಒಂದು ಕಟ್ಟಿಗೆ 30 ಎಲೆಗಳು. ಒಂದೇ ಎಲೆಯ ಎರಡು ಪ್ರತಿಗಳನ್ನು ಇಟ್ಟುಕೊಳ್ಳಬಹುದು. ‘ಲೆಜೆಂಡರಿ’ ಎಂಬ ಅತಿ ಅಪರೂಪದ ಎಲೆಯಾದರೆ ಒಂದೇ. ಆಟಕ್ಕೆ ಪ್ರವೇಶಧನವಿಲ್ಲ. ಆದರೆ ಒಳಗೆ ಹೋದ ಮೇಲೆ ಎಲೆಗಳು ಬೇಕು.

ಈಗ ಅಸಮಾಧಾನದ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ಅದೃಷ್ಟದ ಮೇಲಿನ ದೂರು. “ಬೇಕಾದ ಎಲೆ ಬೇಕಾದಾಗ ಬರುವುದೇ ಇಲ್ಲ” ಎಂಬುದು ಎಲ್ಲ ಆಟಗಾರರ ಅಳಲು. ಇಲ್ಲಿ ಗಣಿತವನ್ನು ಕೇಳಬೇಕು. ಹಾರ್ತ್‌ಸ್ಟೋನಿನಲ್ಲಿ ಮೊದಲು ಆಡುವವನಿಗೆ ಆರಂಭದಲ್ಲಿ ಮೂರು ಎಲೆಗಳು ಬರುತ್ತವೆ. 30 ಎಲೆಗಳಲ್ಲಿ ನಮಗೆ ಬೇಕಾದ ಎಲೆಯ ಎರಡು ಪ್ರತಿಗಳಿದ್ದರೆ, ಆ ಮೂರರಲ್ಲಿ ಒಂದಾದರೂ ಕಾಣಿಸುವ ಸಂಭವ ನೂರಕ್ಕೆ ಸುಮಾರು 19 ಮಾತ್ರ. ಬೇಡದ ಎಲೆಗಳನ್ನು ಒಮ್ಮೆ ಬದಲಾಯಿಸಿಕೊಳ್ಳುವ ಅವಕಾಶವುಂಟು. ಮೂರನ್ನೂ ಬದಲಾಯಿಸಿದರೂ ಒಟ್ಟು ಸಂಭವ ಸುಮಾರು 37ಕ್ಕೆ ಏರುವುದೇ ಹೊರತು ಅದಕ್ಕಿಂತ ಹೆಚ್ಚಿಲ್ಲ. ಅಂದರೆ ಮೂರು ಆಟಗಳಲ್ಲಿ ಹೆಚ್ಚುಕಡಿಮೆ ಎರಡು ಸಲ ಆ ಎಲೆ ಆರಂಭದಲ್ಲಿ ಬಾರದಿರುವುದೇ ಸಹಜ.

ಐದು ಸಲ ಸತತವಾಗಿ ಸೋಲುವುದೂ ಹಾಗೆಯೇ. ಈ ಆಟಗಳು ಸಮಬಲರನ್ನು ಹುಡುಕಿ ಎದುರುಬದುರು ಕೂರಿಸುತ್ತವೆ. ಆದುದರಿಂದ ಗೆಲುವು ಸೋಲುಗಳು ಅರ್ಧಕ್ಕೆ ಸಮೀಪವಾಗಿರುತ್ತವೆ. ಯಾವುದೋ ಐದು ಆಟಗಳನ್ನು ಹಿಡಿದರೆ ಐದೂ ಸೋಲಾಗುವ ಸಂಭವ ಮೂವತ್ತೆರಡರಲ್ಲಿ ಒಂದು. ಆದರೆ ನೂರು ಆಟಗಳನ್ನು ಆಡುವವನಿಗೆ ಆ ನೂರರೊಳಗೆ ಎಲ್ಲಾದರೂ ಒಮ್ಮೆ ಐದು ಸೋಲುಗಳು ಸಾಲಾಗಿ ಬೀಳುವ ಸಂಭವ ನೂರಕ್ಕೆ ಸುಮಾರು 81! ಬೀಳದೆ ಹೋದರೆ ಅದೇ ಆಶ್ಚರ್ಯ. ಗೆಲುವಿನ ಸಾಲನ್ನು ನಾವು ನಮ್ಮ ಜಾಣ್ಮೆಯ ಖಾತೆಗೆ ಬರೆದುಕೊಳ್ಳುತ್ತೇವೆ. ಸೋಲಿನ ಸಾಲನ್ನು ಯಂತ್ರದ ಖಾತೆಗೆ ಬರೆಯುತ್ತೇವೆ. ಇದು ಮನಸ್ಸಿನ ಸ್ವಭಾವ.

ಹೀಗಿದ್ದರೂ ಈ ದೂರಿನಲ್ಲಿ ಒಂದು ಕಣ ಸತ್ಯವಿದೆ. ಕಾಗದದ ಎಲೆಗಳನ್ನು ಕಲಸಿದವನು ಎದುರಾಳಿಯ ಮುಂದಿಟ್ಟು, “ಕತ್ತರಿಸು” ಎನ್ನುತ್ತಾನೆ. ಕಲಸುವ ಕೈ ಎಲ್ಲರ ಕಣ್ಣೆದುರಿಗಿರುತ್ತದೆ. ಗಣಕವು ಕಲಸುವುದನ್ನು ಯಾರೂ ನೋಡಲಾರರು. ಕಾಣದ ಕೈಯ ಮೇಲೆ ಸಂದೇಹ ಹುಟ್ಟುವುದಕ್ಕೆ ಅದು ಮೋಸ ಮಾಡಲೇಬೇಕೆಂದಿಲ್ಲ, ಕಾಣದಿರುವುದೇ ಸಾಕು.

ಎರಡನೆಯದು ವೆಚ್ಚದ ದೂರು. ಇದು ಹೆಚ್ಚು ಗಟ್ಟಿಯಾದದ್ದು. ಹಾರ್ತ್‌ಸ್ಟೋನಿನ ಒಂದು ಪೊಟ್ಟಣದಲ್ಲಿ ಐದು ಎಲೆಗಳು. ಹೆಚ್ಚೆಂದರೆ 40 ಪೊಟ್ಟಣಗಳೊಳಗೆ ಒಂದು ಲೆಜೆಂಡರಿ ಎಲೆ ಬಂದೇ ತೀರಬೇಕೆಂಬ ನಿಯಮವಿದೆ. ಅಂದರೆ ದುರದೃಷ್ಟವಂತನು ಇನ್ನೂರು ಎಲೆಗಳನ್ನು ತೆರೆದು ನೋಡಬೇಕಾದೀತು. ಬಂದ ಎಲೆ ಬೇಡವಾದುದಾದರೆ ಅದನ್ನು ಒಡೆದು ‘ಪುಡಿ’ ಮಾಡಿ, ಆ ಪುಡಿಯಿಂದ ಬೇಕಾದುದನ್ನು ಮಾಡಿಕೊಳ್ಳಬಹುದು. ಆದರೆ ಲೆಜೆಂಡರಿ ಎಲೆಯನ್ನು ಒಡೆದರೆ 400 ಪಾಲು ಪುಡಿ ಸಿಕ್ಕುತ್ತದೆ. ಹೊಸತನ್ನು ಮಾಡಲು 1600 ಪಾಲು ಬೇಕು. ನಾಲ್ಕನ್ನು ಒಡೆದರೆ ಒಂದು! ಸಾಮಾನ್ಯ ಎಲೆಯ ವಿಷಯದಲ್ಲಿ ಒಡೆದರೆ 5, ಮಾಡಲು 40. ಅಂದರೆ ಎಂಟಕ್ಕೆ ಒಂದು. ಹಳೆಯ ಬಂಗಾರವನ್ನು ಅಕ್ಕಸಾಲಿಗನಿಗೆ ಕೊಟ್ಟು ಹೊಸ ಒಡವೆ ಮಾಡಿಸುವಾಗ ಸವಕಳಿಯೆಂದು ಅವನು ಇಷ್ಟನ್ನು ಕಳೆದರೆ ನಾವು ಆ ಅಂಗಡಿಯ ಮೆಟ್ಟಿಲು ಮತ್ತೆ ಹತ್ತುತ್ತೇವೆಯೆ?

ಹಣ ಕೊಡಲಾರದವನು ದುಡಿದು ಸಂಪಾದಿಸಬಹುದೆಂಬ ಏರ್ಪಾಡೂ ಉಂಟು. 2020ರ ನವೆಂಬರಿನವರೆಗೆ ಮೂರು ಗೆಲುವಿಗೆ 10 ಹೊನ್ನು ದೊರೆಯುತ್ತಿತ್ತು. ಪೊಟ್ಟಣವೊಂದಕ್ಕೆ 100 ಹೊನ್ನು. ದಿನನಿತ್ಯದ ಸಣ್ಣ ಬಹುಮಾನಗಳನ್ನು ಬಿಟ್ಟರೆ, ಮೂವತ್ತು ಗೆಲುವಿಗೆ ಒಂದು ಪೊಟ್ಟಣವೆಂದಾಯಿತು. ಆ ತಿಂಗಳು ಸಂಸ್ಥೆಯು ಈ ಕ್ರಮವನ್ನು ತೆಗೆದು ಹೊಸ ಬಹುಮಾನ ಪದ್ಧತಿಯನ್ನು ತಂದಿತು. ಆಟಗಾರರು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿ, ತಮ್ಮ ಗಳಿಕೆ ಕಡಿಮೆಯಾಗುತ್ತದೆಂದು ಗದ್ದಲವೆಬ್ಬಿಸಿದರು. ಸಂಸ್ಥೆಯು ಬಹುಮಾನವನ್ನು ಹೆಚ್ಚಿಸಬೇಕಾಯಿತು. 2024ರ ಏಪ್ರಿಲಿನಲ್ಲಿ ಇಂಥದೇ ಪ್ರಸಂಗ ಮರಳಿ ಬಂದಿತು. ವಾರಕ್ಕೆ ಐದು ಗೆಲುವು ಎಂದಿದ್ದ ಕೆಲಸವನ್ನು ಹದಿನೈದಕ್ಕೆ ಏರಿಸಿ, ಪ್ರತಿಫಲವನ್ನು ನೂರಕ್ಕೆ 20ರಷ್ಟು ಮಾತ್ರ ಹೆಚ್ಚಿಸಿದರು. ಕೆಲಸ ಮೂರು ಪಟ್ಟು, ಕೂಲಿ ಒಂದೂ ಕಾಲು ಪಟ್ಟೂ ಇಲ್ಲ. ಗೆಲುವೊಂದಕ್ಕೆ ಲೆಕ್ಕ ಹಿಡಿದರೆ ರೂಪಾಯಿಗೆ ನಲವತ್ತು ಪೈಸೆಯಾಯಿತು. ಪ್ರತಿಭಟನೆಯಾದ ಮೇಲೆ ಹದಿನೈದನ್ನು ಹತ್ತಕ್ಕೆ ಇಳಿಸಿದರು; ಆಗಲೂ ಅರವತ್ತು ಪೈಸೆಯೇ. ಆಟಗಾರರಿಗೆ ನೋವಾದುದು ಪೈಸೆಗಾಗಿ ಮಾತ್ರವಲ್ಲ. ಆಟವಾಗಿದ್ದುದು ಕೂಲಿಯಾಯಿತೆಂಬ ಭಾವನೆ, ಮತ್ತು ಅದನ್ನು ಉಪಕಾರದ ಮಾತಿನಲ್ಲಿ ಹೇಳಿದರೆಂಬ ಸಿಟ್ಟು ಅದರಲ್ಲಿ ಸೇರಿದ್ದವು.

ಮೂರನೆಯದು ಬದಲಾವಣೆಯ ದೂರು. ಕಾಗದದ ಎಲೆಯ ಮೇಲೆ ಅಚ್ಚಾದುದು ಅಚ್ಚಾದಂತೆಯೇ ಇರುತ್ತದೆ. ಗಣಕದ ಎಲೆಯ ಮೇಲಿನ ಅಂಕವನ್ನು ಒಡೆಯನು ರಾತ್ರೋರಾತ್ರಿ ತಿದ್ದಬಲ್ಲನು. ಒಂದು ಎಲೆ ಅತಿ ಬಲಿಷ್ಠವಾಗಿ ಎಲ್ಲರೂ ಅದನ್ನೇ ಹಿಡಿದು ಬರತೊಡಗಿದರೆ ಆಟ ಬೇಸರವಾಗುತ್ತದೆ. ಆಗ ಅದರ ಬಲವನ್ನು ಕುಗ್ಗಿಸುವುದು ಅವಶ್ಯವೇ. ಹಾರ್ತ್‌ಸ್ಟೋನಿನಲ್ಲಿ ಹೀಗೆ ಕುಗ್ಗಿಸಿದಾಗ ಕೆಲವು ದಿನಗಳವರೆಗೆ ಆ ಎಲೆಯನ್ನು ಒಡೆದವನಿಗೆ ಪೂರ್ಣ ಬೆಲೆಯ ಪುಡಿಯನ್ನು ಮರಳಿ ಕೊಡುತ್ತಾರೆ. ಆದರೆ ಆ ಒಂದು ಎಲೆಯನ್ನು ನಂಬಿ ಸಂಗ್ರಹಿಸಿದ ಉಳಿದ ಎಲೆಗಳಿಗೆ ಪರಿಹಾರವಿಲ್ಲ. ನೊಗ ಮುರಿದರೆ ನೊಗದ ಬೆಲೆ ಕೊಟ್ಟು, ನಿಂತುಹೋದ ಗಾಡಿಯ ಮಾತೆತ್ತದಂತೆ! ಅಲ್ಲದೆ 2016ರಿಂದ ಮುಖ್ಯ ಪಂದ್ಯಗಳಲ್ಲಿ ಇತ್ತೀಚಿನ ಎಲೆಗಳಿಗೆ ಮಾತ್ರ ಪ್ರವೇಶವೆಂಬ ನಿಯಮ ಬಂದಿತು. ಹಳೆಯವು ವರ್ಷವರ್ಷವೂ ಪಕ್ಕಕ್ಕೆ ಸರಿಯುತ್ತವೆ. ಆಟ ಹೊಸದಾಗಿರಲು ಇದು ಬೇಕು. ಕೊಂಡವನ ಕೈ ಬರಿದಾಗುವುದೂ ಇದರಿಂದಲೇ.

ನಾಲ್ಕನೆಯದು ಒಡೆತನದ ಪ್ರಶ್ನೆ. ಹಣ ಕೊಟ್ಟು ಕೊಂಡ ಎಲೆ ಯಾರದು? 2023ರ ಜನವರಿ 23ರಂದು, ಬ್ಲಿಜರ್ಡ್ ಸಂಸ್ಥೆಗೂ ಅದರ ಚೀನೀ ಪಾಲುದಾರ ಸಂಸ್ಥೆಗೂ ಒಪ್ಪಂದ ಮುಗಿದುದರಿಂದ, ಚೀನ ದೇಶದಲ್ಲಿ ಹಾರ್ತ್‌ಸ್ಟೋನ್ ನಿಂತುಹೋಯಿತು. 2024ರ ಸೆಪ್ಟೆಂಬರಿನಲ್ಲಿ ಅದು ಮರಳಿ ತೆರೆಯುವವರೆಗೆ, ಸುಮಾರು ಇಪ್ಪತ್ತು ತಿಂಗಳು, ಅಲ್ಲಿನ ಆಟಗಾರರು ವರ್ಷಗಟ್ಟಲೆ ಕೂಡಿಟ್ಟ ಎಲೆಗಳನ್ನು ಮುಟ್ಟಲಾರದೆ ಹೋದರು. ನಾವು ಕೊಳ್ಳುವುದು ಎಲೆಯನ್ನಲ್ಲ, ಎಲೆಯನ್ನು ಬಳಸುವ ಅಪ್ಪಣೆಯನ್ನು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಐದನೆಯದು ಎದುರಾಳಿಯ ನಡವಳಿಕೆ. ಹಾರ್ತ್‌ಸ್ಟೋನಿನಲ್ಲಿ ಅಪರಿಚಿತರು ಆಟದ ನಡುವೆ ಮನಬಂದಂತೆ ಮಾತನಾಡುವಂತಿಲ್ಲ. ಬೈಗುಳ ಬಾರದಿರಲೆಂದು ಕೆಲವೇ ಸಿದ್ಧವಾಕ್ಯಗಳನ್ನು ಇಟ್ಟಿದ್ದಾರೆ: ನಮಸ್ಕಾರ, ವಂದನೆ, ಚೆನ್ನಾಗಿ ಆಡಿದಿರಿ ಇತ್ಯಾದಿ. ಅವುಗಳಲ್ಲಿ “ಕ್ಷಮಿಸಿ” ಎಂಬುದೂ ಒಂದಾಗಿತ್ತು. ಜನರು ಎದುರಾಳಿಯ ಮೇಲೆ ಪೆಟ್ಟು ಹಾಕಿದೊಡನೆ ವ್ಯಂಗ್ಯವಾಗಿ “ಕ್ಷಮಿಸಿ, ಕ್ಷಮಿಸಿ” ಎನ್ನತೊಡಗಿದರು. ಕಡೆಗೆ 2016ರಲ್ಲಿ ಆ ಮಾತನ್ನೇ ತೆಗೆದು ಅದರ ಬದಲು ಬೆರಗಿನ ಉದ್ಗಾರವೊಂದನ್ನು ಇಟ್ಟರು. ಜನರು ಅದನ್ನೂ ಅಣಕಕ್ಕೇ ಬಳಸಿದರು! ಒಳ್ಳೆಯ ಮಾತನ್ನು ಕೊಟ್ಟಮಾತ್ರಕ್ಕೆ ಒಳ್ಳೆಯ ಮನಸ್ಸು ಬಾರದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಅಸಮಾಧಾನವನ್ನು ಅಲಕ್ಷಿಸಿದರೆ ಏನಾಗುತ್ತದೆಂಬುದಕ್ಕೆ ‘ಆರ್ಟಿಫ್ಯಾಕ್ಟ್’ ಎಂಬ ಆಟದ ಕಥೆ ಸಾಕ್ಷಿ. ಅದನ್ನು ರಚಿಸಿದವರು ಅದೇ ಗಾರ್‌ಫೀಲ್ಡರು. ಹೊರತಂದದ್ದು ವಾಲ್ವ್ ಎಂಬ ಸಿರಿವಂತ ಸಂಸ್ಥೆ. ಇಷ್ಟಿದ್ದರೂ ಅದು ಎಡವಿತು. 2018ರ ನವೆಂಬರ್ 28ರಂದು ಹೊರಬಂದಾಗ ಒಳಬರಲು ಸುಮಾರು 20 ಡಾಲರು ಕೊಡಬೇಕಾಗಿತ್ತು. ಅದರ ಮೇಲೆ ಪೊಟ್ಟಣಗಳಿಗೆ ಬೇರೆ ಹಣ. ಬಿಡಿ ಎಲೆಗಳನ್ನು ಸಂತೆಯಲ್ಲಿ ಕೊಂಡರೆ ಅದಕ್ಕೂ ಹಣ, ಆ ವ್ಯಾಪಾರದಲ್ಲಿ ಸಂಸ್ಥೆಗೂ ಪಾಲು. ಆಡಿ ಗಳಿಸುವ ದಾರಿ ಆರಂಭದಲ್ಲಿ ಬಲು ಕಿರಿದಾಗಿತ್ತು. ಮೊದಲಲ್ಲಿ ಏಕಕಾಲಕ್ಕೆ ಅರುವತ್ತು ಸಾವಿರದಷ್ಟು ಮಂದಿ ಆಡಿದರು. ದೂರು ಕೇಳಿಬಂದ ಮೇಲೆ ಸಂಸ್ಥೆಯು ಡಿಸೆಂಬರಿನಲ್ಲಿ ಬಹುಮಾನಗಳನ್ನು ಸೇರಿಸಿತು, ಎಲೆಗಳ ಬಲವನ್ನು ತಿದ್ದಿತು. ಆದರೆ ಜನರು ಆಗಲೇ ಎದ್ದುಹೋಗುತ್ತಿದ್ದರು. 2019ರ ಮಧ್ಯದ ವೇಳೆಗೆ ಆಡುವವರು ಕೆಲವು ನೂರಕ್ಕೆ ಇಳಿದರು. ಅದೇ ವರ್ಷ ಮಾರ್ಚಿಯಲ್ಲಿ ಸಂಸ್ಥೆಯು ತನ್ನ ಆಟದಲ್ಲಿ ಆಳವಾದ ದೋಷಗಳಿವೆಯೆಂದು ಬಹಿರಂಗವಾಗಿ ಒಪ್ಪಿಕೊಂಡು ಪುನಾರಚನೆಗೆ ತೊಡಗಿತು. 2021ರ ಮಾರ್ಚಿಯಲ್ಲಿ ಆ ಪ್ರಯತ್ನವನ್ನೂ ಕೈಬಿಟ್ಟು ಆಟವನ್ನು ಉಚಿತವಾಗಿ ಬಿಟ್ಟುಕೊಟ್ಟಿತು. ಬಾಯಿಬಿಟ್ಟು ದೂರುವವನು ಇನ್ನೂ ಆಟದಲ್ಲಿದ್ದಾನೆ. ಸದ್ದಿಲ್ಲದೆ ಎದ್ದುಹೋದವನನ್ನು ಕರೆತರುವುದು ಕಷ್ಟ.

ಹಾಗೆಂದು ಉದಾರವಾಗಿರುವುದೇ ಪರಿಹಾರವೆಂದು ಹೇಳುವಂತೆಯೂ ಇಲ್ಲ. ರಯಟ್ ಸಂಸ್ಥೆಯು 2020ರಲ್ಲಿ ಹೊರತಂದ ‘ಲೆಜೆಂಡ್ಸ್ ಆಫ್ ರೂನೆಟೆರಾ’ ಎಂಬ ಆಟದಲ್ಲಿ ಎಲೆಗಳು ಧಾರಾಳವಾಗಿ ದೊರೆಯುತ್ತಿದ್ದವು, ಆಟಗಾರರು ಹೊಗಳಿದರು. ಆದರೆ ಹೊಗಳಿಕೆಯಿಂದ ಖರ್ಚು ಹುಟ್ಟಲಿಲ್ಲ. 2024ರ ಜನವರಿಯಲ್ಲಿ ಸಂಸ್ಥೆಯು ಆ ಆಟದ ಕೆಲಸಗಾರರ ತಂಡವನ್ನು ಕುಗ್ಗಿಸಿತು. ಮಾಡುವವನಿಗೂ ಹೊಟ್ಟೆಯಿದೆ, ಆಡುವವನಿಗೂ ಮಾನವಿದೆ. ಎರಡನ್ನೂ ತೂಗಿಸುವ ತಕ್ಕಡಿ ಸುಲಭವಾಗಿ ಸಿಕ್ಕುವುದಿಲ್ಲ.

ತಾಯಿತಂದೆಗಳಿಗೆ ಒಂದು ಮಾತು. 2025ರ ಆಗಸ್ಟಿನಲ್ಲಿ ನಮ್ಮ ದೇಶದ ಸಂಸತ್ತು ಅಂತರಜಾಲದಲ್ಲಿ ಪಣವಿಟ್ಟು ಆಡುವ ಹಣದಾಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಮೇಲೆ ಹೇಳಿದ ಆಟಗಳಲ್ಲಿ ಹಣವನ್ನು ಪಣವಾಗಿ ಇಡುವುದಿಲ್ಲ, ಗೆದ್ದವನಿಗೆ ಎದುರಾಳಿಯ ಹಣ ಬರುವುದಿಲ್ಲ. ಆದುದರಿಂದ ಇವನ್ನು ಜೂಜೆಂದು ಒಂದೇ ಮಾತಿನಲ್ಲಿ ತಳ್ಳುವುದು ಸಲ್ಲದು. ಆದರೆ ಮುಚ್ಚಿದ ಪೊಟ್ಟಣವನ್ನು ಒಡೆಯುವಾಗಿನ ಆಸೆ, ಇನ್ನೊಂದು ಒಡೆದರೆ ಬಂದೀತೆಂಬ ಚಪಲ, ಇವು ಜೂಜಿನ ನೆರೆಮನೆಯವೇ. ಮಗನು ಎಷ್ಟು ಹೊತ್ತು ಆಡಿದನೆಂದು ಕೇಳುವ ಹಿರಿಯರು ಎಷ್ಟು ಪೊಟ್ಟಣ ಒಡೆದನೆಂದೂ ಕೇಳುವುದು ಒಳ್ಳೆಯದು.

ನಮ್ಮ ಆ ವಿದ್ಯಾರ್ಥಿಯನ್ನು ಕರೆದು, ಮೇಲಿನ ಲೆಕ್ಕಗಳಲ್ಲಿ ಮೂರು ಎಲೆಗಳ ಲೆಕ್ಕವನ್ನು ಕರಿಹಲಗೆಯ ಮೇಲೆ ಅವನಿಂದಲೇ ಮಾಡಿಸಿದೆವು. ಉತ್ತರ ಬಂದಾಗ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, “ಹಾಗಾದರೆ ಸೋಲಿನಲ್ಲಿ ಮೋಸವಿಲ್ಲ ಸಾರ್, ಪೊಟ್ಟಣದಲ್ಲಿಯೇ ಇರುವುದು” ಎಂದನು. ನಾವು ಇಷ್ಟು ಪುಟಗಳಲ್ಲಿ ಹೇಳಿದುದನ್ನು ಅವನು ಒಂದೇ ವಾಕ್ಯದಲ್ಲಿ ಹೇಳಿದನು. ‘ಮೋಸ’ ಎಂಬ ಮಾತನ್ನು ಮಾತ್ರ ತಿದ್ದಿದೆವು: ನಾಲ್ಕಕ್ಕೆ ಒಂದೆಂದು ಮೊದಲೇ ಬರೆದು ತಿಳಿಸಿದ್ದರೆ ಅದು ಮೋಸವಲ್ಲ, ದುಬಾರಿಯಾದ ವ್ಯಾಪಾರ, ಅದನ್ನು ಓದಿ, ಲೆಕ್ಕ ಹಾಕಿ, ಬೇಕೋ ಬೇಡವೋ ಎಂದು ನಿರ್ಧರಿಸುವ ಶಕ್ತಿಯನ್ನು ಮಕ್ಕಳಿಗೆ ಕೊಡುವುದೇ ಶಾಲೆಯ ಕೆಲಸ. ಅವನು ಆಟವನ್ನು ಬಿಟ್ಟನೆಂದು ಹೇಳಲಾರೆವು. ಈ ವರ್ಷದ ಹಬ್ಬದ ಹಣವನ್ನು ಮಾತ್ರ ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಇಟ್ಟಿದ್ದಾನೆ.