ಊಟದ ಕಬ್ಬಿಣ ನೆತ್ತರಿಗಿಳಿಯಲು

ಹೊಸಪೇಟೆಯಿಂದ ಹಂಪಿಗೆ ಹೊರಟರೆ ದಾರಿಯಲ್ಲಿ ಮಲಪನಗುಡಿ ಸಿಗುತ್ತದೆ. ಸಂಡೂರಿನ ಅದಿರುಗುಡ್ಡಗಳು ಇಲ್ಲಿಂದ ದೂರವಿಲ್ಲ. ಆ ಗುಡ್ಡಗಳ ಹೆಮಟೈಟ್ ಅದಿರಿಗೆ ಕೆಂಪು ಬಣ್ಣ ಬಂದಿರುವುದು ಕಬ್ಬಿಣದಿಂದ. ಮಕ್ಕಳ ನೆತ್ತರಿನ ಹಿಮೋಗ್ಲೋಬಿನ್‌ಗೂ ಬೇಕಾದದ್ದು ಅದೇ ಕಬ್ಬಿಣ.

2016–18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯ ಪ್ರಕಾರ ದೇಶದ 5ರಿಂದ 9 ವರ್ಷದ ಮಕ್ಕಳಲ್ಲಿ ನೂರಕ್ಕೆ 24 ಮಂದಿಗೆ ರಕ್ತಹೀನತೆ ಇತ್ತು. ಪರಿಶಿಷ್ಟ ಪಂಗಡಗಳಲ್ಲಿ 38 ಮಂದಿಗೆ. ಈ ಪಂಗಡಗಳಿಗೆ ಸೇರಿದ ವಾಲ್ಮೀಕಿ ನಾಯಕರು ಹೆಚ್ಚಾಗಿರುವ ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯವರು ಈ ಅಂಕಿಯನ್ನು ಹಗುರವಾಗಿ ಕಾಣುವಂತಿಲ್ಲ. 5ರಿಂದ 11 ವರ್ಷದ ಮಗುವಿನಲ್ಲಿ 100 ಮಿಲಿಲೀಟರ್ ರಕ್ತಕ್ಕೆ ಹಿಮೋಗ್ಲೋಬಿನ್ 11.5 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. ಆ ಮಗು ಆಟದಲ್ಲಿ ಬೇಗ ದಣಿಯುತ್ತದೆ, ಪಾಠದಲ್ಲಿ ಗಮನ ನಿಲ್ಲುವುದಿಲ್ಲ. ದಡ್ಡ ಎನ್ನುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು.

ಸಜ್ಜೆ ರೊಟ್ಟಿ, ಹೆಸರುಕಾಳು, ರಾಜಗಿರಿ ಸೊಪ್ಪು ಎಲ್ಲದರಲ್ಲೂ ಕಬ್ಬಿಣವಿದೆ. ಆದರೆ ಅದು ಬಹುತೇಕ ಫೆರಿಕ್ ರೂಪದ್ದು, ಹೆಮಟೈಟ್‌ನಲ್ಲಿರುವಂಥದ್ದೇ. ಸಣ್ಣ ಕರುಳು ಒಳಗೆ ಬಿಟ್ಟುಕೊಳ್ಳುವುದು ಫೆರಸ್ ರೂಪವನ್ನು. ಫೆರಿಕ್ ರೂಪವನ್ನು ಫೆರಸ್ ಆಗಿಸಲು ನೆರವಾಗುವುದು ವಿಟಮಿನ್ ಸಿ. ಕಾಳಿನ ಫೈಟೇಟ್, ಚಹಾದ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಬೆಳಗ್ಗೆ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದ ಮಗುವಿಗೆ ರೊಟ್ಟಿಯ ಕಬ್ಬಿಣ ಹೆಚ್ಚು ದಕ್ಕುವುದಿಲ್ಲ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಫೈಟೇಟ್ ತಗ್ಗುತ್ತದೆ.

ದಕ್ಕಿದ ಕಬ್ಬಿಣವೂ ರಕ್ತದ ಜೊತೆ ಸೋರಿಹೋಗಬಹುದು. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು, ಬೆಳೆದು, ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ. ಕಾಲಿಗೆ ಚಪ್ಪಲಿ, ಮನೆಗೆ ಶೌಚಾಲಯ, ಶಾಲೆಯಲ್ಲಿ ಕೊಡುವ ಹುಳು ನಿವಾರಕ ಆಲ್ಬೆಂಡಜೋಲ್ ಮಾತ್ರೆ, ಮೂರೂ ಬೇಕು. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನೂ ಊಟವಾದ ಮೇಲೆ ನುಂಗಿಸಬೇಕು, ಚಹಾದ ಜೊತೆಗಲ್ಲ.

ನಮ್ಮ ರಾಜ್ಯದ ಶಾಲೆಗಳಲ್ಲಿ ಬಿಸಿಯೂಟ ಶುರುವಾದದ್ದು 2002ರಲ್ಲಿ, ಬಳ್ಳಾರಿಯೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ, ಅಕ್ಷರ ದಾಸೋಹ ಎಂಬ ಹೆಸರಿನಲ್ಲಿ. ಐದನೇ ತರಗತಿಯವರೆಗಿನ ಮಗುವಿಗೆ ಈ ಊಟದಿಂದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕೆಂಬುದು ನಿಯಮ. ಒಂದು ಮೊಟ್ಟೆಯಲ್ಲೇ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಕಬ್ಬಿಣ ದಕ್ಕಬೇಕಾದರೆ ಈ ಊಟಕ್ಕೆ ಹುಳಿಯ ಜೊತೆ ಬೇಕು. ಶಾಖಕ್ಕೆ ವಿಟಮಿನ್ ಸಿ ಕೆಡುವುದರಿಂದ ನಿಂಬೆಹಣ್ಣನ್ನು ಕುದಿಯುವ ಸಾಂಬಾರಿಗೆ ಹಿಂಡದೆ ತಟ್ಟೆಗೆ ಬಡಿಸಿದ ಮೇಲೆ ಹಿಂಡಬೇಕು. ಪ್ರತಿ ಶಾಲೆಯ ಅಂಗಳದಲ್ಲಿ ಒಂದು ನುಗ್ಗೆ, ಒಂದು ನಿಂಬೆ, ಒಂದು ಪೇರಲ ಗಿಡ ನೆಡೋಣ. ಕೈತೊಳೆದ ನೀರೇ ಅವಕ್ಕೆ ಸಾಕು.