ಬಿಲ್ಲಿಗೆ ತಕ್ಕ ಬಾಣ: ಒಂಬತ್ತನೆಯ ತರಗತಿಗೊಂದು ವಿಜ್ಞಾನ ಪಾಠ

ಮಕ್ಕಳಿಗೆ ಏಕಾಗ್ರತೆಯ ಮಾತು ಹೇಳುವಾಗ ನಾವೆಲ್ಲ ದ್ರೋಣರು ಒಡ್ಡಿದ ಪರೀಕ್ಷೆಯ ಕಥೆಯನ್ನು ನೆನೆಯುತ್ತೇವೆ. ಮರದ ಮೇಲಿನ ಹಕ್ಕಿಯ ಕಣ್ಣೊಂದನ್ನೇ ಕಂಡ ಅರ್ಜುನ ಗೆದ್ದ. ಕಥೆ ಒಳ್ಳೆಯದೇ. ಆದರೆ ಅದನ್ನು ಕೇಳಿದ ಮಗು, ಬಾಣ ಗುರಿ ತಪ್ಪಿದರೆ ತಪ್ಪೆಲ್ಲ ಬಿಟ್ಟವನದೇ ಎಂದು ತಿಳಿಯುತ್ತದೆ. ಬಿದಿರಿನ ಬಿಲ್ಲಿನಲ್ಲಿ ಕೆಲವು ವರ್ಷ ಅಭ್ಯಾಸ ಮಾಡಿದ ಅನುಭವದಿಂದ ಹೇಳುವುದಾದರೆ ಅದು ಅರ್ಧ ಸತ್ಯ ಮಾತ್ರ. ಕಣ್ಣು, ಕೈ, ಉಸಿರು ಎಲ್ಲ ಸರಿಯಿದ್ದೂ ಬಾಣ ಪ್ರತಿ ಸಲ ಒಂದೇ ಪಕ್ಕಕ್ಕೆ ಸರಿಯಬಹುದು. ಆಗ ನೋಡಬೇಕಾದದ್ದು ಆ ಬಾಣ ಆ ಬಿಲ್ಲಿಗೆ ಹೊಂದುತ್ತದೆಯೇ ಎಂಬುದನ್ನು.

ಒಂಬತ್ತನೆಯ ತರಗತಿಯ ‘ಬಲ ಮತ್ತು ಚಲನೆಯ ನಿಯಮಗಳು’ ಪಾಠದ ಜೊತೆಗೆ ಈ ವಿಷಯವನ್ನು ಒಂದು ಅವಧಿಯಲ್ಲಿ ಬೋಧಿಸಬಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಶಾಲೆಗಳಿಗೆ ಅಭ್ಯಾಸ ಪಾಠಕ್ಕೆ ಹೋಗುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಉಪಯೋಗವಾಗಲೆಂದು ಅದರ ವಿವರ ಇಲ್ಲಿದೆ.

ಬಾಣ ಬಾಗಿಕೊಂಡೇ ಹೋಗುತ್ತದೆ

ಸಾಂಪ್ರದಾಯಿಕ ಬಿಲ್ಲಿನಲ್ಲಿ ಬಾಣ ಹಿಡಿಕೆಯ ಪಕ್ಕಕ್ಕೆ ತಾಗಿಕೊಂಡಿರುತ್ತದೆ; ಬಲಗೈಯಿಂದ ಹೆದೆ ಎಳೆಯುವವರಿಗೆ ಎಡಪಕ್ಕದಲ್ಲಿ. ಹೆದೆ ಮಾತ್ರ ಹಿಡಿಕೆಯ ನಡುವಿನ ನೇರಕ್ಕೆ ಮರಳುತ್ತದೆ. ಹೀಗಾಗಿ ಹೆದೆ ಮುಂದೆ ಬಂದಂತೆ ಬಾಣದ ಮೊನೆ ಗುರಿಯಿಂದ ಎಡಕ್ಕೆ ಹೊರಳಬೇಕು. ಆದರೂ ಹೊಂದಿಕೆಯಾದ ಬಾಣ ನೇರವಾಗಿ ಗುರಿಗೆ ಹೋಗುತ್ತದೆ. ಇದಕ್ಕೆ ‘ಬಿಲ್ಲುಗಾರನ ವಿರೋಧಾಭಾಸ’ ಎಂಬ ಅರ್ಥದ ಹೆಸರನ್ನು ಕೊಟ್ಟವರು ಅಮೆರಿಕದ ರಾಬರ್ಟ್ ಎಲ್ಮರ್. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಿಂದ ಬಾಣದ ಚಲನೆಯನ್ನು ಚಿತ್ರೀಕರಿಸಿದಾಗ ಅದರ ಗುಟ್ಟು ಕಣ್ಣಿಗೆ ಕಂಡಿತು. ಹೆದೆ ಹಿಂದಿನಿಂದ ನೂಕಿದಾಗ ಬಾಣ ಬಾಗುತ್ತದೆ, ಮರುಕ್ಷಣ ಎದುರು ದಿಕ್ಕಿಗೆ ಬಾಗುತ್ತದೆ, ಹೀಗೆ ಹಾವಿನಂತೆ ಬಳುಕುತ್ತ ಹಿಡಿಕೆಯನ್ನು ಸುತ್ತಿ ದಾಟುತ್ತದೆ.

“ಸರ್ರ, ಬಾಣ ಬಾಗಿದರ ನೆಟ್ಟಗ ಹೆಂಗ ಹೋಗ್ತೈತ್ರಿ?” ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರಕ್ಕೆ ನಮ್ಮ ಕಬ್ಬಿನ ಹೊಲವೇ ಬೋಧನೋಪಕರಣ ಕೊಡುತ್ತದೆ. ಚಳಿಗಾಲದಲ್ಲಿ ಕಬ್ಬಿಗೆ ಬರುವ ಸೂಲಂಗಿಯ ಒಣಗಿದ ಕಡ್ಡಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಮೆಲ್ಲಗೆ ಒತ್ತಿರಿ. ನಡುವೆ ಅದು ಬಿಲ್ಲಿನಂತೆ ಬಾಗುತ್ತದೆ. ಕೈ ತೆಗೆದರೆ ಮತ್ತೆ ನೇರವಾಗುತ್ತದೆ. ಹೆದೆ ನೂಕಿದಾಗ ಬಾಣಕ್ಕೆ ಆಗುವುದೂ ಇದೇ. ಆ ಬಳುಕಾಟ ಕ್ರಮೇಣ ಕಡಿಮೆಯಾಗುತ್ತದೆ. ಬಾಲದ ಗರಿಗಳು ಗಾಳಿಯನ್ನು ಹಿಡಿದು ಬಾಣವನ್ನು ದಾರಿಗೆ ತರುತ್ತವೆ.

ಇನ್ನು ಹೊಂದಿಕೆಯ ಅರ್ಥ ಸುಲಭ. ಬಾಣ ತೀರ ಬಿರುಸಾಗಿದ್ದರೆ ಸಾಕಷ್ಟು ಬಾಗದೆ ಹಿಡಿಕೆಯಿಂದ ಹೊರಕ್ಕೆ, ಅಂದರೆ ಎಡಕ್ಕೆ ಹೋಗುತ್ತದೆ. ತೀರ ಮೆದುವಾಗಿದ್ದರೆ ಹೆಚ್ಚು ಬಾಗಿ ಬಲಕ್ಕೆ ಹೋಗುತ್ತದೆ. ಎಡಗೈಯಿಂದ ಎಳೆಯುವವರಿಗೆ ಇದು ತಿರುವುಮುರುವು.

ತರಗತಿಯಲ್ಲಿ ಅಳೆಯುವುದು

ಮರದ ಬಾಣದ ಬಿರುಸನ್ನು ಅಳೆಯಲು ಹಳೆಯದೊಂದು ಪದ್ಧತಿಯಿದೆ. 26 ಇಂಚು, ಅಂದರೆ 66 ಸೆಂ.ಮೀ. ಅಂತರದ ಎರಡು ಆಧಾರಗಳ ಮೇಲೆ ಕಡ್ಡಿಯನ್ನಿಟ್ಟು, ನಡುವೆ 2 ಪೌಂಡ್, ಅಂದರೆ ಸುಮಾರು 900 ಗ್ರಾಂ ತೂಗುಹಾಕಿ, ಅದು ಎಷ್ಟು ಕೆಳಗಿಳಿಯಿತೆಂದು ನೋಡುತ್ತಾರೆ. 26ನ್ನು ಆ ಇಳಿತದ ಇಂಚಿನಿಂದ ಭಾಗಿಸಿದರೆ ಬರುವ ಸಂಖ್ಯೆ, ಎಷ್ಟು ಪೌಂಡ್ ಎಳೆತದ ಬಿಲ್ಲಿಗೆ ಆ ಕಡ್ಡಿಯನ್ನು ಮೊದಲು ಪರೀಕ್ಷಿಸಬಹುದೆಂಬ ಅಂದಾಜು. 0.65 ಇಂಚು (16.5 ಮಿ.ಮೀ.) ಇಳಿದರೆ 40 ಪೌಂಡ್, 0.52 ಇಂಚು ಇಳಿದರೆ 50 ಪೌಂಡ್.

ಎರಡು ಬೆಂಚು, ಒಂದು ಮರಳಿನ ಚೀಲ, ಒಂದು ಅಳತೆಪಟ್ಟಿ ಇದ್ದರೆ ಮಕ್ಕಳು ಇದನ್ನು ತಾವೇ ಮಾಡಬಲ್ಲರು. ಅದೇ ಕಡ್ಡಿಯನ್ನು 66ರ ಬದಲು 60 ಸೆಂ.ಮೀ. ಅಂತರದಲ್ಲಿಟ್ಟು ಅಳೆಯಲಿ. ಮೊದಲು 16 ಮಿ.ಮೀ. ಇಳಿದದ್ದು ಈಗ ಸುಮಾರು 12 ಮಿ.ಮೀ. ಇಳಿಯುತ್ತದೆ. ಉದ್ದ ಹತ್ತರಲ್ಲೊಂದು ಭಾಗವೂ ಕಡಿಮೆಯಾಗಿಲ್ಲ, ಇಳಿತ ಮಾತ್ರ ಕಾಲುಭಾಗ ಕಡಿಮೆಯಾಯಿತು; ಏಕೆಂದರೆ ಇಳಿತವು ಉದ್ದದ ಘನಕ್ಕೆ ಅನುಗುಣ. ದಪ್ಪದ ಪ್ರಭಾವ ಇನ್ನೂ ಹೆಚ್ಚು. 8 ಮಿ.ಮೀ. ದಪ್ಪದ ಗಟ್ಟಿ ಕಡ್ಡಿಗಿಂತ ಅದೇ ಮರದ 9 ಮಿ.ಮೀ. ಕಡ್ಡಿ ಸುಮಾರು 1.6 ಪಟ್ಟು ಬಿರುಸು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ನೋಡುವ ಶಿಸ್ತು ಇಲ್ಲಿ ತಾನಾಗಿ ಬರುತ್ತದೆ. ಉದ್ದ, ದಪ್ಪ ಎರಡನ್ನೂ ಒಟ್ಟಿಗೆ ಬದಲಿಸಿದ ಗುಂಪಿಗೆ, ಯಾವುದರಿಂದ ಏನಾಯಿತೆಂದು ಹೇಳಲು ಬರುವುದಿಲ್ಲ.

ಮೈದಾನದಲ್ಲಿ ಹೊಂದಿಸುವುದು

ನಮ್ಮ ದೇಶದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗವಿದೆ. ಬಿದಿರಿನ ಬಿಲ್ಲಿನಿಂದ 50 ಮತ್ತು 30 ಮೀಟರ್ ದೂರಕ್ಕೆ ಬಾಣ ಬಿಡಬೇಕು. ಅಂಥ ದೂರದಲ್ಲಿ ಸಣ್ಣ ಹೊಂದಾಣಿಕೆಯ ದೋಷವೂ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಪರೀಕ್ಷೆಯನ್ನು ಹತ್ತಿರದಿಂದ, ಹತ್ತು ಹದಿನೈದು ಹೆಜ್ಜೆಗಳಿಂದ ಆರಂಭಿಸುತ್ತಾರೆ. ಗರಿ ಇರುವ ಮೂರು ಬಾಣ, ಅಷ್ಟೇ ಉದ್ದ ತೂಕದ ಗರಿ ಇಲ್ಲದ ಒಂದೆರಡು ಬಾಣ ಬೇಕು. ಗರಿ ದೋಷವನ್ನು ತಿದ್ದಿ ಮುಚ್ಚಿಬಿಡುತ್ತದೆ. ಗರಿ ಇಲ್ಲದ ಬಾಣ ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ.

ಮೊದಲು ಮೇಲೆ ಕೆಳಗಿನ ವ್ಯತ್ಯಾಸ ನೋಡಬೇಕು. ಗರಿ ಇಲ್ಲದ್ದು ಗರಿ ಇರುವುದಕ್ಕಿಂತ ಕೆಳಗೆ ನಾಟಿದರೆ ಹೆದೆಯ ಮೇಲೆ ಬಾಣ ಸಿಕ್ಕಿಸುವ ಜಾಗ ಮೇಲಿದೆ, ತುಸು ಇಳಿಸಬೇಕು. ಮೇಲೆ ನಾಟಿದರೆ ಆ ಜಾಗವನ್ನು ಏರಿಸಬೇಕು. ಆಮೇಲೆ ಎಡಬಲ. ಗರಿ ಇಲ್ಲದ್ದು ಎಡಕ್ಕೆ ನಾಟಿದರೆ ಬಾಣ ಬಿರುಸು: ಮೊನೆಯ ತೂಕ ಹೆಚ್ಚಿಸಬೇಕು ಇಲ್ಲವೆ ಕಡ್ಡಿಯನ್ನು ಉಜ್ಜಿ ತೆಳುವಾಗಿಸಬೇಕು. ಬಲಕ್ಕೆ ನಾಟಿದರೆ ಮೆದು: ಹಗುರ ಮೊನೆ ಹಾಕಬೇಕು ಇಲ್ಲವೆ ಉದ್ದವನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಬೇಕು. ಪೂರ್ತಿ ಎಳೆದಾಗ ಮೊನೆ ಹಿಡಿಕೆಗಿಂತ ಹಿಂದೆ ಬರುವಷ್ಟು ಗಿಡ್ಡ ಮಾಡಿದರೆ ಅದು ಕೈಗೇ ನಾಟೀತು.

ಒಂದು ಎಚ್ಚರಿಕೆಯನ್ನು ಪಾಠಯೋಜನೆಯಲ್ಲೇ ಬರೆದುಕೊಳ್ಳಬೇಕು. ಬಲವಾದ ಬಿಲ್ಲಿನಲ್ಲಿ ತೀರ ಮೆದುವಾದ ಅಥವಾ ಬಿರುಕುಬಿಟ್ಟ ಬಾಣ ಬಿಡುವಾಗಲೇ ಮುರಿದು, ಸೀಳು ಬಿಲ್ಲು ಹಿಡಿದ ಕೈಯೊಳಗೆ ಹೊಗಬಹುದು. ಟಿ.ವಿ. ಧಾರಾವಾಹಿ ನೋಡಿ ಕಡ್ಡಿಬಾಣ ಮಾಡುವ ಮಕ್ಕಳ ಆಟದಲ್ಲಿ ಕಣ್ಣಿಗಂತೂ ಅಪಾಯ ಇದ್ದದ್ದೇ. ತರಗತಿಯಲ್ಲಿ ಅಳತೆ ಮಾತ್ರ ಇರಲಿ. ಬಾಣ ಬಿಡುವುದು ತರಬೇತುದಾರರ ಮುಂದೆ, ಗುರಿಯ ಕಡೆ ಯಾರೂ ಇಲ್ಲದಾಗ ಮಾತ್ರ.

ಮೂರು ಬಗೆಯ ತಪ್ಪು

ಈ ಪಾಠದಲ್ಲಿ ನನಗೆ ಮುಖ್ಯವೆನಿಸಿದ್ದು ಗುರಿಹಲಗೆಯನ್ನು ಓದುವ ಕ್ರಮ. ಬಾಣಗಳಿಗೆ ಒಂದರಿಂದ ಆರರವರೆಗೆ ಸಂಖ್ಯೆ ಬರೆದು ಮತ್ತೆ ಮತ್ತೆ ಬಿಟ್ಟರೆ ಮೂರು ಚಿತ್ರಗಳು ಸಿಗುತ್ತವೆ. ಬಾಣಗಳು ದಿಕ್ಕಾಪಾಲಾಗಿ ನಾಟಿದ್ದರೆ ಬಿಲ್ಲುಗಾರನಿಗೆ ಇನ್ನೂ ಅಭ್ಯಾಸ ಬೇಕು. ಎಲ್ಲವೂ ಒತ್ತಟ್ಟಿಗೆ, ಆದರೆ ಗುರಿಯ ಒಂದೇ ಪಕ್ಕದಲ್ಲಿ ನಾಟಿದ್ದರೆ ಹೊಂದಾಣಿಕೆ ಸರಿಯಿಲ್ಲ. ನಾಲ್ಕನೆಯ ಬಾಣವೊಂದೇ ಸದಾ ಬೇರೆ ಕಡೆ ಹೋಗುತ್ತಿದ್ದರೆ ಆ ಬಾಣವನ್ನು ತೆಗೆದು ನೋಡಬೇಕು: ಡೊಂಕಿರಬಹುದು, ಗಿಣ್ಣು ದಪ್ಪವಿರಬಹುದು, ಗರಿ ಕಿತ್ತಿರಬಹುದು. ಮೂರಕ್ಕೂ “ಸರಿಯಾಗಿ ಗುರಿಯಿಡು” ಎಂದು ಹೇಳಿದರೆ ಎರಡು ಸಲ ಆ ಮಾತು ವ್ಯರ್ಥ.

ಉತ್ತರಪತ್ರಿಕೆಗಳನ್ನೂ ಹೀಗೆ ಓದಬಹುದು. ಗಡಿಭಾಗದ ನಮ್ಮ ತಾಲೂಕುಗಳಲ್ಲಿ ಕನ್ನಡ, ಮರಾಠಿ ಮಾಧ್ಯಮದ ಶಾಲೆಗಳು ಅಕ್ಕಪಕ್ಕದಲ್ಲೇ ಇವೆ. ಮನೆಯಲ್ಲಿ ಕನ್ನಡವಾಡುವ ಮಗು ಮರಾಠಿ ಶಾಲೆಯಲ್ಲಿ ‘ಪಂಚವೀಸ’ ಎಂದು ಕೇಳಿ 52 ಎಂದೂ, ‘ಛತ್ತೀಸ’ ಎಂದು ಕೇಳಿ 63 ಎಂದೂ ಬರೆಯಬಹುದು. ಕನ್ನಡದ ‘ಇಪ್ಪತ್ತೈದು’ ಎಂಬಲ್ಲಿ ಇಪ್ಪತ್ತು ಮೊದಲು ಬರುತ್ತದೆ; ಮರಾಠಿಯಲ್ಲಿ ಐದು ಮೊದಲು. ಒಂದೊಂದೇ ಉತ್ತರ ನೋಡಿದರೆ ಅದು ಅಜಾಗರೂಕತೆ. ಹತ್ತು ಉತ್ತರಗಳನ್ನು ಸಾಲಾಗಿಟ್ಟು ನೋಡಿದರೆ ಎಲ್ಲ ಬಾಣಗಳೂ ಒಂದೇ ಪಕ್ಕಕ್ಕೆ ನಾಟಿವೆ. ಆ ಮಗುವಿಗೆ ಬೇಕಾದದ್ದು ಎರಡು ಭಾಷೆಗಳ ಎಣಿಕೆಯನ್ನು ಜೊತೆಜೊತೆಗೆ ಹೇಳಿಸುವ ಹತ್ತು ನಿಮಿಷ. ಕೆಂಪು ಶಾಯಿಯ ಗೆರೆಯಿಂದ ಆ ಕೆಲಸ ಆಗುವುದಿಲ್ಲ.

ಮುಂದಿನ ಅಭ್ಯಾಸ ಪಾಠದ ನಂತರ ಕಿರುಪರೀಕ್ಷೆ ಕೊಟ್ಟಾಗ, ಅಂಕ ಹಾಕುವ ಮೊದಲು ಮೌಲ್ಯಮಾಪನದ ಪುಟದಲ್ಲಿ ಮೂರು ಕಾಲಮ್ಮು ಎಳೆಯಿರಿ: ಚದುರಿದ ತಪ್ಪು, ಇಡೀ ತರಗತಿಯ ಒಂದೇ ತಪ್ಪು, ಒಂದೇ ಮಗುವಿನ ಮತ್ತೆ ಮತ್ತೆ ಬರುವ ತಪ್ಪು. ಮೊದಲನೆಯದಕ್ಕೆ ಹೆಚ್ಚಿನ ಅಭ್ಯಾಸ ಕೊಡಿ. ಎರಡನೆಯದಿದ್ದರೆ ನಿಮ್ಮ ಪ್ರಶ್ನೆಯನ್ನೂ ವಿವರಣೆಯನ್ನೂ ಮತ್ತೊಮ್ಮೆ ನೋಡಿ. ಮೂರನೆಯದಿದ್ದರೆ ಆ ಮಗುವಿನ ಪಕ್ಕ ಕುಳಿತು, ಉತ್ತರ ಹೇಗೆ ಬಂತೆಂದು ಅದರ ಬಾಯಿಂದಲೇ ಕೇಳಿ.