ಮುಯ್ಯಾಳಿನ ಮನೆ

ನಮ್ಮ ಭಾಷೆಯಲ್ಲಿ ‘ಮುಯ್ಯಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಅಪಕಾರಕ್ಕೆ ಪ್ರತಿಯಾಗಿ ಮಾಡುವ ಅಪಕಾರವೂ ಮುಯ್ಯಿಯೇ. ಮದುವೆಯಲ್ಲಿ ಉಡುಗೊರೆ ಕೊಟ್ಟವರಿಗೆ ಅವರ ಮನೆಯ ಶುಭಕಾರ್ಯದಲ್ಲಿ ನಾವು ತಿರುಗಿ ಸಲ್ಲಿಸುವ ಉಡುಗೊರೆಯೂ ಮುಯ್ಯಿಯೇ. ಈ ಎರಡನೆಯ ಅರ್ಥದಿಂದ ಹುಟ್ಟಿದುದು ‘ಮುಯ್ಯಾಳು’. ಈ ದಿನ ನಿಮ್ಮ ಕೆಲಸಕ್ಕೆ ನಮ್ಮ ಮನೆಯಿಂದ ಒಂದಾಳು ಬಂದರೆ, ಇನ್ನೊಂದು ದಿನ ನಮ್ಮ ಕೆಲಸಕ್ಕೆ ನಿಮ್ಮ ಮನೆಯಿಂದ ಒಂದಾಳು ಬರತಕ್ಕದ್ದು. ನಡುವೆ ಹಣದ ಮಾತಿಲ್ಲ. ನಾಟಿ, ಕೊಯಿಲು, ಒಕ್ಕಣೆಗಳಲ್ಲಿ ರೈತರು ನಡೆಸಿಕೊಂಡು ಬಂದ ಈ ಪದ್ಧತಿಯಿಂದಲೇ ಹಿಂದೆ ಹಳ್ಳಿಗಳಲ್ಲಿ ಎಷ್ಟೋ ಮನೆಗಳೂ ಎದ್ದವು. ಸಾಲ ತಂದು, ಗುತ್ತಿಗೆದಾರನಿಗೆ ಒಪ್ಪಿಸಿ, ಕಡೆಗೊಂದು ದಿನ ಬೀಗದ ಕೈ ಪಡೆಯುವುದೇ ಗೃಹನಿರ್ಮಾಣವೆಂದು ತಿಳಿದಿರುವ ಇಂದಿನ ಗೃಹಸ್ಥರಿಗೆ ಆ ಬಗೆಯನ್ನು ವಿವರಿಸುವುದು ಅಪ್ರಸ್ತುತವಾಗಲಾರದು.

ಮಣ್ಣಿನ ಗೋಡೆಗೂ ಮುಯ್ಯಾಳಿಗೂ ಸಹಜವಾದ ಹೊಂದಿಕೆಯಿದೆ. ಹಸಿಯ ಗೋಡೆಯನ್ನು ಒಮ್ಮೆಗೇ ಎತ್ತರಿಸಿದರೆ ಅದು ತನ್ನ ಭಾರಕ್ಕೆ ತಾನೇ ಉಬ್ಬಿ ಕುಸಿಯುವುದು. ಆದುದರಿಂದ ಅದನ್ನು ವರಸೆವರಸೆಯಾಗಿ ಇಡಬೇಕು. ಒಂದು ವರಸೆ ಒಣಗಿ ಬಿಗಿದ ಮೇಲೆ ಮತ್ತೊಂದು. ಒಂದು ಲೆಕ್ಕವನ್ನು ನೋಡೋಣ. ಒಳಗೆ 20 ಅಡಿ ಉದ್ದ, 12 ಅಡಿ ಅಗಲದ ಮನೆ. ಗೋಡೆಯ ದಪ್ಪ ಒಂದೂವರೆ ಅಡಿ, ಎತ್ತರ 8 ಅಡಿ. ಗೋಡೆಯ ನಡುಗೆರೆಯ ಮೇಲೆ ಅಳೆದರೆ ಸುತ್ತಳತೆ 70 ಅಡಿಯಾಗುವುದು. ವರಸೆಯೊಂದು 16 ಅಂಗುಲವಾದರೆ ಆರು ವರಸೆಗೆ ಗೋಡೆ ಮುಗಿಯಿತು. ಬಾಗಿಲು ಕಿಟಕಿಗಳ ಜಾಗವನ್ನು ಕಳೆಯದೆ ಎಣಿಸಿದರೂ ಒಂದು ವರಸೆಗೆ ಬೇಕಾದುದು 140 ಘನ ಅಡಿ ಮಣ್ಣು. ಅರ್ಧ ಘನ ಅಡಿ ಹಿಡಿಯುವ ಬುಟ್ಟಿಯಲ್ಲಿ 280 ಬುಟ್ಟಿ. ಹತ್ತು ಜನ ಸೇರಿದರೆ ತಲೆಗೆ 28 ಬುಟ್ಟಿ. ಮಣ್ಣನ್ನು ಮೊದಲೇ ನೆನೆಯಿಸಿ ತುಳಿದಿಟ್ಟಿದ್ದರೆ ಇದು ಒಂದು ಹಗಲಿನ ಕೆಲಸ. ಅನಂತರ ಕೆಲವು ದಿನ ಗೋಡೆ ತನ್ನ ಪಾಡಿಗೆ ಒಣಗುವುದು, ಬಂದವರು ತಮ್ಮ ತಮ್ಮ ಕೆಲಸಕ್ಕೆ ಹೋಗುವರು. ದಿನಗೂಲಿಯಿಂದ ಬದುಕುವವನಿಗೆ ಇಂತಹ ಬಿಡುವು ನಷ್ಟ. ನೆರೆಯವನಿಗೆ ಅದೇ ಅನುಕೂಲ.

ಕಾಲವೂ ಹೀಗೆಯೇ ಹೊಂದಿಕೊಳ್ಳುತ್ತಿತ್ತು. ಸಂಕ್ರಾಂತಿಯ ಸುಗ್ಗಿ ಮುಗಿದರೆ ಕೈಗಳಿಗೆ ಬಿಡುವು, ಮಣ್ಣಿಗೆ ಬೆರೆಸಲು ಹೊಸ ಹುಲ್ಲು, ಕೆರೆಯಲ್ಲಿ ಇನ್ನೂ ಉಳಿದ ನೀರು. ಮುಂಗಾರಿಗೆ ಮೊದಲು ಮಾಡು ಹೊದಿಸಿಬಿಡಬೇಕು. ಇಲ್ಲವಾದರೆ ಒಂದೇ ಮಳೆಗೆ ಆರು ವರಸೆಯೂ ಕರಗೀತು.

ಮಣ್ಣಿನ ಪರೀಕ್ಷೆಯನ್ನು ಕುರಿತು ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಹೇಳಿರುವ ಉಪಾಯವು ಇಂದಿಗೂ ನೋಡತಕ್ಕದ್ದು. ಒಂದು ಮೊಳದ ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ನಿವೇಶನ ಉತ್ತಮ, ಸಮವಾದರೆ ಮಧ್ಯಮ, ಸಾಲದೆ ಹೋದರೆ ಅಧಮ. ಇದನ್ನು ಶಕುನವೆಂದು ನಂಬುವವರೂ ಮೌಢ್ಯವೆಂದು ನಗುವವರೂ ಒಂದೇ ತಪ್ಪನ್ನು ಮಾಡುತ್ತಾರೆ. ಬಿಗಿಯಾದ ನೆಲವನ್ನು ಅಗೆದರೆ ಮಣ್ಣು ಸಡಿಲಗೊಂಡು ಹೆಚ್ಚು ಸ್ಥಳವನ್ನು ಆಕ್ರಮಿಸುವುದು, ಆದುದರಿಂದ ಮಿಕ್ಕೀತು. ಮೊದಲೇ ಪೊಳ್ಳಾದ ನೆಲದಲ್ಲಿ ಹಾಗಾಗದು. ಇದು ಅಡಿಪಾಯಕ್ಕೆ ಸಂಬಂಧಿಸಿದ ಮಾತು. ಗೋಡೆಗಾದರೋ ಜೇಡಿಯೂ ಮರಳೂ ಹದವಾಗಿ ಬೆರೆತ ಕೆಂಪು ಮಣ್ಣು ಆಗಬಹುದು. ಎರೆಮಣ್ಣು ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವ ಸ್ವಭಾವದ್ದಾದುದರಿಂದ ಒಲ್ಲದು.

ಆದರೆ ಹಿಂದಿನದೆಲ್ಲವನ್ನೂ ಹೊಗಳುವುದು ನನ್ನ ಉದ್ದೇಶವಲ್ಲ. ಮುಯ್ಯಾಳಿನ ಪಕ್ಕದಲ್ಲಿಯೇ ಇನ್ನೊಂದು ಪದ್ಧತಿಯಿತ್ತು. ಅದರ ಹೆಸರು ‘ಬಿಟ್ಟಿ’. ಅರ್ಥಶಾಸ್ತ್ರದಲ್ಲಿ ಕಾಣುವ ‘ವಿಷ್ಟಿ’ ಎಂಬ ಸಂಸ್ಕೃತ ಶಬ್ದದ ತದ್ಭವವಿದು. ನೋಡಲು ಎರಡೂ ಒಂದೇ: ಹತ್ತು ಜನ ಕೂಲಿಯಿಲ್ಲದೆ ಮಣ್ಣು ಹೊರುತ್ತಾರೆ. ಆದರೆ ಉಳ್ಳವನ ಅಟ್ಟದ ಮನೆಗೆ ಮಣ್ಣು ಹೊತ್ತ ಬಡವನ ಗುಡಿಸಲಿಗೆ ಆ ಉಳ್ಳವನು ಎಂದಾದರೂ ಬುಟ್ಟಿ ಹಿಡಿದು ಬಂದನೇ? 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 23ನೆಯ ಅನುಚ್ಛೇದವು ಬಲವಂತದ ದುಡಿಮೆಯನ್ನು ನಿಷೇಧಿಸಿತು. 1976ರಲ್ಲಿ ಜೀತದ ನಿರ್ಮೂಲನಕ್ಕಾಗಿಯೇ ಪ್ರತ್ಯೇಕ ಕಾನೂನು ಬಂದಿತು. ಮುಯ್ಯಾಳಿನೊಳಗೂ ಒಂದು ಬಿಟ್ಟಿ ಅಡಗಿತ್ತೆಂದು ನನ್ನ ಅಭಿಪ್ರಾಯ. ಹತ್ತು ಜನರಿಗೆ ಎರಡು ಹೊತ್ತು ಬೇಯಿಸಿ ಬಡಿಸಿದ ಹೆಂಗಸರನ್ನು ಯಾರೂ ಆಳೆಂದು ಎಣಿಸುತ್ತಿರಲಿಲ್ಲ.

ಈಗ ಸ್ವಂತ ಮನೆಯನ್ನು ಬಂಧುಮಿತ್ರರ ನೆರವಿನಿಂದ ಕಟ್ಟಲು ಹೊರಡುವವರು ಈ ಭೇದವನ್ನು ಮೊದಲು ಗಮನಿಸಬೇಕು. ತಮ್ಮನ ಮಗ ವಿದ್ಯುತ್ತಿನ ಕೆಲಸ ಬಲ್ಲವನೆಂದು ಮನೆಗೆಲ್ಲ ತಂತಿ ಎಳೆಯಿಸಿಕೊಂಡು, ಒಂದು ಪಂಚೆ ಕೊಟ್ಟು ಕಳುಹಿಸುವುದುಂಟು. ಯಾವ ಕಸುಬಿನಿಂದ ಅವನ ಒಲೆ ಉರಿಯುವುದೋ ಅದನ್ನೇ ನಂಟಿನ ಹೆಸರಿನಲ್ಲಿ ಪುಕ್ಕಟೆ ಕೇಳುವುದು ಬಿಟ್ಟಿಯೇ ಸರಿ. ಹಿಂದೆಯೂ ಮುಯ್ಯಾಳುಗಳು ಗೋಡೆ ಇಡುತ್ತಿದ್ದರೇ ಹೊರತು, ಮಾಡಿನ ಮರಗೆಲಸಕ್ಕೆ ಬಡಗಿಯನ್ನೇ ಕರೆದು ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸುತ್ತಿದ್ದರು. ಅಡಿಪಾಯ, ತಾರಸಿ, ವಿದ್ಯುತ್ತು ಈ ಮೂರನ್ನು ಬಲ್ಲವರಿಗೆ ಕೂಲಿ ಕೊಟ್ಟೇ ಮಾಡಿಸತಕ್ಕದ್ದು. ಇಲ್ಲಿ ಆಗುವ ಪ್ರಮಾದದಲ್ಲಿ ಪ್ರಾಣಾಪಾಯವಿದೆ.

ಮಿಕ್ಕ ಕೆಲಸವೇನೂ ಕಡಿಮೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಆಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗದವರು, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತುವ ಇಟ್ಟಿಗೆಯನ್ನು ಬೆಳೆಸಿದರು. ಇದನ್ನು ಸುಡಬೇಕಾಗಿಲ್ಲ. ಮಣ್ಣು ಜರಡಿ ಹಿಡಿಯುವವರು, ಬೆರೆಸುವವರು, ಒತ್ತುವವರು, ಜೋಡಿಸುವವರು ಎಂದು ಕೆಲಸ ಹಂಚಿಕೊಂಡರೆ ಒಂದು ಕುಟುಂಬದ ಕಿರಿಯರು ಹಿರಿಯರೆಲ್ಲರಿಗೂ ಪಾಲು ಸಿಕ್ಕೀತು. ಒತ್ತಿದ ಇಟ್ಟಿಗೆಗೆ ಎರಡು ಮೂರು ವಾರ ನೀರು ಚಿಮುಕಿಸುತ್ತಿರಬೇಕು. ರಜೆಯಲ್ಲಿ ಬಂದ ಮಕ್ಕಳಿಗೆ ಇದಕ್ಕಿಂತ ಪ್ರಿಯವಾದ ಉದ್ಯೋಗವಿಲ್ಲ. ಹೆಂಚನ್ನು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವುದು, ಸುಣ್ಣ ಬಣ್ಣ ಬಳಿಯುವುದು ಇವೂ ಅಂತಹವೇ.

ತೊಡಕಿರುವುದು ಮುಯ್ಯಿ ತೀರಿಸುವಲ್ಲಿ. ಬಂದ ಮಿತ್ರನು ಬಾಡಿಗೆಯ ಮನೆಯವನಾಗಿದ್ದು ಎಂದಿಗೂ ಮನೆ ಕಟ್ಟದೆ ಹೋಗಬಹುದು. ಆಗ ಆಳಿಗೆ ಆಳು ಎಲ್ಲಿ ಸಲ್ಲಿಸೋಣ? ಅವನ ಮಗಳ ಮದುವೆಗೆ ಮೂರು ದಿನ ಮುಂಚೆ ಹೋಗಿ ನಿಲ್ಲಬಹುದು. ಅವನ ತಾಯಿ ಆಸ್ಪತ್ರೆಯಲ್ಲಿದ್ದರೆ ರಾತ್ರಿ ಕಾಯಬಹುದು. ಅವನ ಮಕ್ಕಳಿಗೆ ಲೆಕ್ಕ ಹೇಳಿಕೊಡಬಹುದು. ಬಂದವರ ಹೆಸರನ್ನೂ ದಿನವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಕ್ಷುದ್ರವೆಂದು ಕೆಲವರು ಹೇಳುವರು. ನಾನು ಹಾಗೆ ಎಣಿಸುವುದಿಲ್ಲ. ಸಿಮೆಂಟಿನ ಚೀಟಿಗಳನ್ನು ಜೋಪಾನವಾಗಿಡುವ ಪುಸ್ತಕದಲ್ಲಿಯೇ ಎರಡು ಹಾಳೆಯನ್ನು ಇದಕ್ಕೆ ಬಿಟ್ಟರಾಯಿತು. ಅಡುಗೆಮನೆಯಲ್ಲಿ ದುಡಿದವರ ಹೆಸರನ್ನು ಮೊದಲನೆಯ ಹಾಳೆಯಲ್ಲಿ ಬರೆಯಬೇಕು.